ಬೆಳಗಿದ ಹಾದಿಯ ವೀರ: ಜಿಮ್ ಥೋರ್ಪ್

ಹೆಸರೆಂಬುದು ಮಗುವಿಗೆ ಮನೆಯವರು ಕೊಡುವ ಮೊದಲನೆಯ ಆಸ್ತಿ. ಗಡಿನಾಡಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮನೆಯಲ್ಲಿ ಅಕ್ಕರೆಯಿಂದ ಕರೆಯುವ ಹೆಸರು ಕಚೇರಿಯ ಕಾಗದದಲ್ಲಿ ಬೇರೊಂದು ಲಿಪಿಯನ್ನು ತೊಟ್ಟು, ಬೇರೊಂದು ಉಚ್ಚಾರವನ್ನು ತಾಳಿ ಕುಳಿತಿರುವುದನ್ನು ನಾವು ಕಂಡವರೇ. ಆದುದರಿಂದ ಅಮೆರಿಕದ ಒಕ್ಲಹೋಮಾ ಸಂಸ್ಥಾನದಲ್ಲಿ ಹುಟ್ಟಿ ಲೋಕವಿಖ್ಯಾತನಾದ ಕ್ರೀಡಾಪಟುವೊಬ್ಬನ ಚರಿತ್ರೆಯನ್ನು ಈ ಸಂಚಿಕೆಯ ಮೂಲಕ ನಮ್ಮ ಮಕ್ಕಳ ಮುಂದಿಡುತ್ತಿದ್ದೇವೆ. ಜಗತ್ತು ಆತನನ್ನು ಜಿಮ್ ಥೋರ್ಪ್ ಎಂದು ಬಲ್ಲುದು. ಆತನ ಜನರ ನುಡಿಯಲ್ಲಿ ಆತನ ಹೆಸರು ವಾ-ಥೋ-ಹುಕ್. ಎಂದರೆ ಬೆಳಗಿದ ಹಾದಿ.

ಥೋರ್ಪ್ ಹುಟ್ಟಿದುದು 1887ರಲ್ಲಿ. ಒಕ್ಲಹೋಮಾ ಆಗ ಇನ್ನೂ ಸಂಸ್ಥಾನವಾಗಿರಲಿಲ್ಲ. ಮೂಲನಿವಾಸಿಗಳನ್ನು ಅವರವರ ನೆಲದಿಂದ ಎಬ್ಬಿಸಿ ತಂದು ನೆಲೆಗೊಳಿಸಿದ ಸೀಮೆಯಾಗಿತ್ತು. ಆತನು ಸಾಕ್ ಮತ್ತು ಫಾಕ್ಸ್ ಎಂಬ ಬುಡಕಟ್ಟಿಗೆ ಸೇರಿದವನು. ಜೊತೆಯಲ್ಲೇ ಹುಟ್ಟಿದ ಅವಳಿ ಸೋದರ ಚಾರ್ಲಿ ಎಳವೆಯಲ್ಲೇ ಕಾಯಿಲೆಯಿಂದ ತೀರಿಕೊಂಡನು. ಆ ದುಃಖದ ಬಳಿಕ ಬಾಲಕನಿಗೆ ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮತ್ತೆ ಮತ್ತೆ ತಪ್ಪಿಸಿಕೊಂಡು ಮನೆಗೆ ಓಡಿ ಬರುತ್ತಿದ್ದನು. ಇಪ್ಪತ್ತು ತುಂಬುವ ಮೊದಲೇ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡನು.

1904ರಲ್ಲಿ ಆತನು ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿಶಾಲೆಯನ್ನು ಸೇರಿದನು. 1879ರಲ್ಲಿ ಸೈನ್ಯದ ಹಳೆಯ ಪಾಳೆಯದಲ್ಲಿ ಸ್ಥಾಪಿತವಾದ ಆ ಶಾಲೆಯ ಉದ್ದೇಶ ಮೂಲನಿವಾಸಿಗಳ ಮಕ್ಕಳನ್ನು ಬಿಳಿಯರಂತೆ ಮಾಡುವುದು. ಬಂದ ಮಕ್ಕಳ ಉದ್ದಗೂದಲನ್ನು ಕತ್ತರಿಸುತ್ತಿದ್ದರು, ಸಮವಸ್ತ್ರ ತೊಡಿಸುತ್ತಿದ್ದರು. ತಾಯ್ನುಡಿಯಲ್ಲಿ ಆಡಿದರೆ ದಂಡಿಸುತ್ತಿದ್ದರು. ಕನ್ನಡ ಶಾಲೆಯ ಅಧ್ಯಾಪಕರಾದ ನಮಗೆ ಇದನ್ನು ಓದುವಾಗ ಎದೆ ಭಾರವಾಗುತ್ತದೆ.

1907ರ ಒಂದು ದಿನ ಥೋರ್ಪ್ ಶಾಲೆಯ ಮೈದಾನದ ಬಳಿ ಹೋಗುತ್ತಿದ್ದನು. ಎತ್ತರ ನೆಗೆತದ ಅಭ್ಯಾಸ ನಡೆದಿತ್ತು. 5 ಅಡಿ 9 ಅಂಗುಲಕ್ಕೆ ಏರಿಸಿದ ಅಡ್ಡಗೋಲನ್ನು ಯಾರೂ ದಾಟಲಾರದೆ ಹೋಗಿದ್ದರು. ಈತನು ಮೈಮೇಲಿದ್ದ ಕೆಲಸದ ಬಟ್ಟೆಯಲ್ಲೇ ಅದನ್ನು ಲೀಲಾಜಾಲವಾಗಿ ಹಾರಿದನಂತೆ. ಶಾಲೆಯ ಶಿಕ್ಷಕ ವಾರ್ನರನು ಮರುದಿನವೇ ಕರೆಸಿ ಆತನನ್ನು ತಂಡಕ್ಕೆ ಸೇರಿಸಿಕೊಂಡನು.

ಐದು ವರ್ಷಗಳ ತರುವಾಯ, 1912ರಲ್ಲಿ, ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ ಕ್ರೀಡೆಗಳು ಜರುಗಿದುವು. ಐದು ಸ್ಪರ್ಧೆಗಳು ಸೇರಿದ ಪೆಂಟಾಥ್ಲಾನಿನಲ್ಲಿ ಥೋರ್ಪ್ ನಾಲ್ಕರಲ್ಲಿ ಮೊದಲಿಗನಾಗಿ ಚಿನ್ನದ ಪದಕ ಗೆದ್ದನು. ಬಳಿಕ ಓಟ, ನೆಗೆತ, ಎಸೆತಗಳೆಲ್ಲ ಕೂಡಿದ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಮೂರು ದಿನ ನಡೆಯಿತು. ನಡುವೆ ಆತನ ಪಾದರಕ್ಷೆಗಳು ಕಳವಾಗಲು, ಒಂದಕ್ಕೊಂದು ಹೊಂದದ ಎರಡನ್ನು ತೊಟ್ಟು ಸ್ಪರ್ಧಿಸಿದನೆಂದು ಹೇಳುತ್ತಾರೆ. ಆದರೂ 8,412 ಅಂಕಗಳನ್ನು ಗಳಿಸಿ, ಎರಡನೆಯವನಾದ ಸ್ವೀಡನ್ನಿನ ವೀಸ್‌ಲಾಂಡರನಿಗಿಂತ 688 ಅಂಕ ಮುಂದಿದ್ದನು.

ಈ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. 1909 ಮತ್ತು 1910ರ ಬೇಸಗೆಗಳಲ್ಲಿ ಆತನು ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಸುದ್ದಿ 1913ರ ಜನವರಿಯಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಣಕ್ಕಾಗಿ ಆಡಿದವನು ಒಲಿಂಪಿಕ್ಸಿಗೆ ಸಲ್ಲನೆಂಬುದು ಆಗಿನ ಕಟ್ಟಳೆ. ಬೇರೆ ಕಾಲೇಜುಗಳ ಎಷ್ಟೋ ತರುಣರು ಸುಳ್ಳು ಹೆಸರಿನಲ್ಲಿ ಆಡಿ ಪಾರಾಗಿದ್ದರು. ಥೋರ್ಪ್ ತನ್ನ ಹೆಸರಿನಲ್ಲೇ ಆಡಿದ್ದನು. ಆತನು ಅದನ್ನು ಒಪ್ಪಿಕೊಂಡನು. ಆಕ್ಷೇಪಣೆ 30 ದಿನಗಳೊಳಗೆ ಬರಬೇಕೆಂಬ ಇನ್ನೊಂದು ಕಟ್ಟಳೆಯೂ ಇದ್ದಿತು. ಅದನ್ನು ಯಾರೂ ಲೆಕ್ಕಕ್ಕೆ ತರಲಿಲ್ಲ. ಪದಕಗಳನ್ನು ಹಿಂದೆಗೆದುಕೊಂಡರು, ವಿಜಯಿಗಳ ಪಟ್ಟಿಯಿಂದ ಹೆಸರನ್ನೂ ಅಳಿಸಿದರು.

ಥೋರ್ಪ್ ಕುಗ್ಗಿ ಕೂರಲಿಲ್ಲ. ನ್ಯೂಯಾರ್ಕಿನ ಜೈಂಟ್ಸ್ ತಂಡದಲ್ಲಿ ಬೇಸ್‌ಬಾಲ್ ಆಡಿದನು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಸಂಘ 1920ರಲ್ಲಿ ಸ್ಥಾಪನೆಯಾದಾಗ ಅದರ ಮೊದಲನೆಯ ಅಧ್ಯಕ್ಷನಾದನು. ಆದರೆ ಆಟದ ವಯಸ್ಸು ಕಳೆದ ಮೇಲೆ ಬಡತನ ಹಿಂಬಾಲಿಸಿತು. ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ, ಕೂಲಿಕೆಲಸ, ಹೀಗೆ ದಿನ ದೂಡಿದನು. 1950ರಲ್ಲಿ ಪತ್ರಕರ್ತರು ಆತನನ್ನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವೆಂದು ಆರಿಸಿದರು. ಪದಕಗಳು ಮಾತ್ರ ಮರಳಲಿಲ್ಲ. 1953ರ ಮಾರ್ಚ್ 28ರಂದು ಆತನು ಕ್ಯಾಲಿಫೋರ್ನಿಯಾದಲ್ಲಿ ಕಾಲವಾದನು. ದೇಹಕ್ಕೂ ಹುಟ್ಟೂರಿನ ಮಣ್ಣು ದೊರೆಯಲಿಲ್ಲ. ಆತನು ಎಂದೂ ವಾಸಿಸದಿದ್ದ ಪೆನ್ಸಿಲ್ವೇನಿಯಾದ ಊರೊಂದು ತನಗೆ ಜಿಮ್ ಥೋರ್ಪ್ ಎಂದೇ ಹೆಸರಿಟ್ಟುಕೊಂಡು ಸಮಾಧಿ ಕಟ್ಟಿಸಿತು. ಒಕ್ಲಹೋಮಾಕ್ಕೆ ಒಯ್ಯಬೇಕೆಂದು ಮಕ್ಕಳು ಹೂಡಿದ ವ್ಯಾಜ್ಯವು 2015ರಲ್ಲಿ ವಿಫಲವಾಗಿ ಮುಗಿಯಿತು.

ಪದಕಗಳ ವಿಷಯದಲ್ಲಿ ಮಾತ್ರ ಬಂಧುಗಳೂ ಅಭಿಮಾನಿಗಳೂ ಸೋಲಲಿಲ್ಲ. 1982ರಲ್ಲಿ ಒಲಿಂಪಿಕ್ ಸಮಿತಿಯು ಆತನನ್ನು ಜಂಟಿ ವಿಜಯಿಯೆಂದು ಒಪ್ಪಿತು. ಮರುವರ್ಷ ಮಕ್ಕಳ ಕೈಗೆ ಪದಕಗಳ ಪ್ರತಿಕೃತಿಗಳು ಬಂದುವು. ಅರ್ಧ ನ್ಯಾಯ ನ್ಯಾಯವಲ್ಲವೆಂದು ಹೋರಾಟ ಮುಂದುವರಿಯಿತು. ಚಿನ್ನವನ್ನು ತನಗೆ ಕೊಟ್ಟರೂ ನಿಜವಾದ ವಿಜಯಿ ಥೋರ್ಪನೇ ಎಂದು ವೀಸ್‌ಲಾಂಡರನು ಕೊನೆಯವರೆಗೂ ನಂಬಿದ್ದನೆಂಬುದನ್ನು ಆತನ ಮನೆಯವರು ತಿಳಿಸಿದರು. ಡೆಕಾಥ್ಲಾನ್ ಗೆದ್ದು ಸರಿಯಾಗಿ 110 ವರ್ಷ ತುಂಬಿದಂದು, 2022ರ ಜುಲೈ 15ರಂದು, ಎರಡು ಸ್ಪರ್ಧೆಗಳಿಗೂ ಥೋರ್ಪ್ ಒಬ್ಬನೇ ವಿಜಯಿ ಎಂದು ಘೋಷಣೆಯಾಯಿತು. ಆ ಬೇಡಿಕೆಯನ್ನು ಮುಂದಿಟ್ಟ ಮೂಲನಿವಾಸಿಗಳ ಸಂಸ್ಥೆಯು ತನ್ನ ಹೆಸರನ್ನು ಆತನ ಬುಡಕಟ್ಟಿನ ಹೆಸರಿನಿಂದಲೇ, ಬೆಳಗಿದ ಹಾದಿಯಿಂದಲೇ, ಪಡೆದಿತ್ತು.

ತಾಯ್ನುಡಿಯನ್ನು ಅಳಿಸಹೊರಟ ಕಾರ್ಲೈಲ್ ಶಾಲೆ 1918ರಲ್ಲೇ ಮುಚ್ಚಿಹೋಯಿತು. ವಾ-ಥೋ-ಹುಕ್ ಎಂಬ ಹೆಸರು ಉಳಿದಿದೆ. ಅದು ತಾನಾಗಿ ಉಳಿಯಲಿಲ್ಲ. ಆತನು ಅಳಿದ ಮೇಲೂ ಆತನವರು ಎಪ್ಪತ್ತು ವರ್ಷಗಳಷ್ಟು ಕಾಲ ಮನವಿಯ ಮೇಲೆ ಮನವಿ ಬರೆದು ಅದನ್ನು ಉಳಿಸಿದರು. ನಮ್ಮ ಮಕ್ಕಳು ಓಡಲಿ, ನೆಗೆಯಲಿ, ಗೆಲ್ಲಲಿ; ಗೆದ್ದ ದಿನ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಬಲ್ಲವರಾಗಿರಲಿ ಎಂದು ಹಾರೈಸುತ್ತೇವೆ.