ಹೊಸ ಕಾರಿನ ಮೂತಿಗೆ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಸಾಲದೇ? ಉತ್ತರ ಇರುವುದು ರಿಚರ್ಡ್ ಡ್ರೂ ಎಂಬ ಬ್ಯಾಂಜೋ ವಾದಕನ ಬದುಕಿನಲ್ಲಿ

ಹೊಸ ಕಾರು ಬಂತೆಂದರೆ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಒಯ್ದು ಪೂಜೆ ಮಾಡಿಸುವವರು ನಮ್ಮ ಕಡೆ ಬಹಳ. ಬಾನೆಟ್ ಮೇಲೆ ಕುಂಕುಮ, ಹೂವಿನ ಹಾರ. ಹಾರ ಜಾರದಿರಲಿ ಎಂದು ಎರಡು ತುಂಡು ಸೆಲ್ಲೋಟೇಪ್. ವಾಪಸ್ ಬರುವಾಗ ಮುಂದೆ ಖಡಿ ತುಂಬಿದ ಟಿಪ್ಪರ್ ಸಿಕ್ಕಿತೋ, ಟಪ್ ಎಂದು ಒಂದು ಸಪ್ಪಳ. ಮನೆಗೆ ಬಂದು ನೋಡಿದರೆ ಬಾನೆಟ್ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಹಾರಿರುತ್ತದೆ. ಆಳಂದದ ಕಬ್ಬಿನ ರಸ್ತೆ ಇರಲಿ, ಜೇವರ್ಗಿ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50 ಇರಲಿ, ಈ ಕಥೆ ಎಲ್ಲ ಕಡೆ ಒಂದೇ.

ಇದಕ್ಕೆ ಪರಿಹಾರವೆಂದು ಈಗ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಪಿಪಿಎಫ್ ಎಂಬ ಪಾರದರ್ಶಕ ಹಾಳೆ ಬಂದಿದೆ. ಬೆಲೆ ಕೇಳಿದವರಿಗೆ ತಟ್ಟನೆ ಹೊಳೆಯುವ ಪ್ರಶ್ನೆ ಒಂದೇ: ಅಂಗಡಿಯಲ್ಲಿ ಸಿಗುವ ಅಗಲವಾದ ಪ್ಯಾಕಿಂಗ್ ಟೇಪನ್ನೇ ಅಂಟಿಸಿದರೆ ಆಗದೇ? ಪ್ರಶ್ನೆ ದಡ್ಡತನದ್ದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಒಂದು ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಬಳಿಯುವವರೂ ಹೀಗೇ ಕೈಗೆ ಸಿಕ್ಕ ಟೇಪನ್ನು ಅಂಟಿಸುತ್ತಿದ್ದರು. ಆಗ ಆದದ್ದನ್ನು ನೋಡಿದವನೇ ರಿಚರ್ಡ್ ಡ್ರೂ.

ಡ್ರೂ ಹುಟ್ಟಿದ್ದು 1899ರ ಜೂನ್ 22ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ಊರಿನಲ್ಲಿ. ಎಂಜಿನಿಯರಿಂಗ್ ಓದಲು ಮಿನ್ನೆಸೋಟ ವಿಶ್ವವಿದ್ಯಾಲಯ ಸೇರಿದ. ಶುಲ್ಕಕ್ಕೆ ದುಡ್ಡು ಬೇಕಲ್ಲ, ನೃತ್ಯದ ತಂಡಗಳಲ್ಲಿ ಬ್ಯಾಂಜೋ ನುಡಿಸುತ್ತಿದ್ದ. ಆದರೂ ಓದು ಮುಗಿಯಲಿಲ್ಲ, ಕಾಲೇಜು ಅರ್ಧಕ್ಕೇ ನಿಂತಿತು. ಯಂತ್ರ ವಿನ್ಯಾಸವನ್ನು ಅಂಚೆ ಮೂಲಕ ಕಲಿತ. 1920ರ ದಶಕದ ಆರಂಭದಲ್ಲಿ ಅದೇ ಊರಿನ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿಕೊಂಡ. ಕಂಪನಿಯ ಹೆಸರು ಮಿನ್ನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್, ಇವತ್ತಿನ 3ಎಂ. ಗಣಿ ಮಾಡಲು ಹೊರಟು, ಅಗೆದ ಕಲ್ಲು ಕೆಲಸಕ್ಕೆ ಬಾರದೆ, ಕೊನೆಗೆ ಮರಳು ಕಾಗದ ಮಾಡಿ ಬದುಕಿಕೊಂಡ ಕಂಪನಿ ಅದು.

ಡ್ರೂನ ಕೆಲಸ ನೀರು ಹಾಕಿ ಉಜ್ಜುವ ಮರಳು ಕಾಗದವನ್ನು ಗ್ಯಾರೇಜುಗಳಿಗೆ ಒಯ್ದು ಪರೀಕ್ಷಿಸುವುದು. ಆಗ ಕಾರಿಗೆ ಎರಡು ಬಣ್ಣ ಹೊಡೆಸುವುದು ಫ್ಯಾಷನ್. ಒಂದು ಬಣ್ಣ ಒಣಗಿದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ಹೊಡೆಯಬೇಕು. ಮುಚ್ಚಲು ದಪ್ಪ ಕಾಗದ, ಹಳೆಯ ಪತ್ರಿಕೆ, ಗೋಂದು, ಆಸ್ಪತ್ರೆಯ ಪಟ್ಟಿ ಎಲ್ಲವನ್ನೂ ಬಳಸುತ್ತಿದ್ದರು. ಕೀಳುವಾಗ ಕಾಗದದ ಜೊತೆ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ದಿನವಿಡೀ ಮಾಡಿದ ಕೆಲಸ ಮತ್ತೆ ಮೊದಲಿಂದ. 1923ರ ಸುಮಾರಿಗೆ ಡ್ರೂ ಒಂದು ಗ್ಯಾರೇಜಿಗೆ ಹೋದಾಗ ಪೇಂಟರ್‌ಗಳು ಇದೇ ಸಿಟ್ಟಿನಲ್ಲಿ ಬೈದಾಡುತ್ತಿದ್ದರು. ಇದಕ್ಕೆ ನಾನು ಏನಾದರೂ ಮಾಡಿಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟ. ಅಂಟಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಗಟ್ಟಿ ಅಂಟು ಮಾಡುವುದು ಕಷ್ಟವಲ್ಲ. ಗಟ್ಟಿಯಾಗಿ ಹಿಡಿಯಬೇಕು, ಕೇಳಿದಾಗ ಬಿಡಬೇಕು, ಬಿಡುವಾಗ ಕೆಳಗಿನ ಬಣ್ಣವನ್ನು ಮುಟ್ಟಬಾರದು. ಇದು ಕಷ್ಟ. ಸಸ್ಯದ ಎಣ್ಣೆ, ರಾಳ, ಅಗಸೆ ಎಣ್ಣೆ, ಚ್ಯೂಯಿಂಗ್ ಗಮ್‌ಗೆ ಹಾಕುವ ಚಿಕಲ್ ಎಂಬ ಮರದ ಹಾಲು, ಎಲ್ಲವನ್ನೂ ಡ್ರೂ ಪ್ರಯತ್ನಿಸಿದ. ಕಡೆಗೆ ಬಡಗಿಗಳ ಗೋಂದಿಗೆ ಗ್ಲಿಸರಿನ್ ಬೆರೆಸಿದಾಗ ಅಂಟು ಒಣಗದೆ ಮೆತ್ತಗೆ ಉಳಿಯಿತು. ಅದನ್ನು ಸುಕ್ಕು ಸುಕ್ಕಾದ ಕ್ರೇಪ್ ಕಾಗದಕ್ಕೆ ಬಳಿದ. ಸುಕ್ಕು ಹಿಗ್ಗುವುದರಿಂದ ಕಾರಿನ ಬಾಗಿದ ಮೈಗೂ ಅದು ಸರಿಯಾಗಿ ಕೂತಿತು.

ನಡುವೆ ಕಂಪನಿಯ ಮುಖ್ಯಸ್ಥ ವಿಲಿಯಂ ಮೆಕ್‌ನೈಟ್ ಈ ಹುಚ್ಚು ಬಿಟ್ಟು ಮರಳು ಕಾಗದದ ಕೆಲಸ ನೋಡು ಎಂದು ಹೇಳಿದ್ದೂ ಉಂಟು. ಡ್ರೂ ಬಿಡಲಿಲ್ಲ. ಟೇಪ್ ತಯಾರಿಸುವ ಯಂತ್ರ ಕೊಳ್ಳಲು ಅನುಮತಿ ಸಿಗದಿದ್ದಾಗ ಅವನು ಹೂಡಿದ ಉಪಾಯ ಸರ್ಕಾರಿ ಟೆಂಡರ್ ಬಲ್ಲ ನಮ್ಮವರಿಗೆ ಹೊಸದೇನಲ್ಲ. 100 ಡಾಲರ್‌ವರೆಗಿನ ಖರೀದಿ ಅವನ ಕೈಯಲ್ಲೇ ಇತ್ತು. 99 ಡಾಲರಿನ ಬಿಲ್ಲುಗಳನ್ನು ಒಂದರ ಹಿಂದೆ ಒಂದು ಮಾಡಿ ಯಂತ್ರ ತರಿಸಿದ ಎಂದು ಕಂಪನಿಯವರೇ ಆಮೇಲೆ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

1925ರಲ್ಲಿ ಮಾಸ್ಕಿಂಗ್ ಟೇಪ್ ಹೊರಬಂತು. ಎರಡು ಇಂಚು ಅಗಲ, ಅಂಟು ಮಾತ್ರ ಎರಡು ಅಂಚಿಗೆ. ಪರೀಕ್ಷೆಗೆ ಕೊಟ್ಟಾಗ ಅದು ಕಳಚಿ ಬಿತ್ತಂತೆ. ಸಿಟ್ಟಾದ ಪೇಂಟರ್, ನಿಮ್ಮ ಸ್ಕಾಚ್ ಧಣಿಗಳಿಗೆ ಹೇಳಿ ಇನ್ನಷ್ಟು ಅಂಟು ಹಾಕಿಸು ಎಂದು ಹಂಗಿಸಿದನಂತೆ. ಸ್ಕಾಚ್ ಎಂದರೆ ಆಗಿನ ಬೈಗುಳದಲ್ಲಿ ಜಿಪುಣ. ಆ ಬೈಗುಳವೇ ಸ್ಕಾಚ್ ಟೇಪ್ ಎಂಬ ಬ್ರ್ಯಾಂಡ್ ಆಯಿತು ಎನ್ನುವುದು ಜನಪ್ರಿಯ ಕಥೆ. ಟೇಪಿಗೂ ಮದ್ಯಕ್ಕೂ ಸಂಬಂಧವಿಲ್ಲ.

ಐದು ವರ್ಷಗಳ ನಂತರ ಎರಡನೇ ಗೆಲುವು. ಸೆಲ್ಲೋಫೇನ್ ಎಂಬ ಪಾರದರ್ಶಕ ಹಾಳೆಗೆ ಅಂಟು ಬಳಿಯಲು ಹೊರಟಾಗ ಅದು ಬಿಸಿಗೆ ಸುರುಳಿ ಸುತ್ತಿತು, ಯಂತ್ರದಲ್ಲಿ ಸೀಳಿತು, ಕಂದು ಅಂಟು ಹಾಳೆಯ ಅಂದವನ್ನೇ ಕೆಡಿಸಿತು. ಬಣ್ಣವಿಲ್ಲದ ಅಂಟು ಮಾಡಿ, ಮೊದಲು ಒಂದು ತೆಳು ಪದರ ಬಳಿದು, 1930ರಲ್ಲಿ ಡ್ರೂ ಸೆಲ್ಲೋಫೇನ್ ಟೇಪನ್ನು ಮಾರುಕಟ್ಟೆಗೆ ತಂದ. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಹೊಸದನ್ನು ಕೊಳ್ಳಲಾಗದ ಜನ ಹರಿದ ಪುಸ್ತಕ, ಮುರಿದ ಆಟಿಕೆಗಳಿಗೆ ಅದನ್ನೇ ಅಂಟಿಸಿಕೊಂಡರು. ನಮ್ಮ ಸೆಲ್ಲೋಟೇಪ್ ಎಂಬ ಮಾತಿನ ಮೊದಲ ಅರ್ಧ ಆ ಸೆಲ್ಲೋಫೇನ್‌ನದೇ.

ಹಾಗಾದರೆ ಪಿಪಿಎಫ್ ಕಂಡುಹಿಡಿದದ್ದೂ ಡ್ರೂನೇ? ಅಲ್ಲ. ಅವನು ನಿವೃತ್ತನಾದದ್ದು 1962ರಲ್ಲಿ. ಮುಂದೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಮರಳು, ಕಲ್ಲಿನ ಏಟಿಗೆ ಸವೆಯುವುದನ್ನು ತಡೆಯಲು ಅದೇ 3ಎಂ ಕಂಪನಿ ಪಾಲಿಯುರೆಥೇನ್ ಫಿಲ್ಮ್ ಕೊಟ್ಟಿತು. ಅಲ್ಲಿಂದ ರೇಸ್ ಕಾರುಗಳಿಗೆ, ಆಮೇಲೆ ನಮ್ಮ ನಿಮ್ಮ ಕಾರುಗಳಿಗೆ ಇಳಿಯಿತು. ಆ ಪಾಲಿಯುರೆಥೇನ್ ಕೂಡ ಡ್ರೂನದಲ್ಲ, 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತವನ ಜೊತೆಗಾರರು ಮಾಡಿದ್ದು. ಆದರೆ ಬಣ್ಣಕ್ಕೆ ಅಂಟಬೇಕು, ಬಣ್ಣವನ್ನು ಕೀಳಬಾರದು ಎಂಬ ಲೆಕ್ಕವನ್ನು ಕಾರಿನ ಮೇಲೆ ಮೊದಲು ಬಿಡಿಸಿಕೊಟ್ಟ ಟೇಪ್ ಡ್ರೂನದು.

ಈಗ ಪ್ಯಾಕಿಂಗ್ ಟೇಪಿನ ಪ್ರಶ್ನೆಗೆ ಬರೋಣ. ಅದು ರಟ್ಟಿನ ಡಬ್ಬಕ್ಕೆ ಒಮ್ಮೆ ಅಂಟಿ ಹರಿದುಹೋಗಲು ಮಾಡಿದ್ದು. ಕಲ್ಲಿನ ಏಟು ಹೀರಿಕೊಳ್ಳುವಷ್ಟು ದಪ್ಪವೂ ಇಲ್ಲ, ಹಿಗ್ಗುವ ಗುಣವೂ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಿನಲ್ಲಿ ಬಾನೆಟ್ ಕಾವಲಿಯಾಗುತ್ತದೆ. ಪ್ಲಾಸ್ಟಿಕ್ ಪುಡಿಯಾಗಿ ಅಂಟು ಬಣ್ಣದ ಮೇಲೇ ಉಳಿಯುತ್ತದೆ. ಅದನ್ನು ಬ್ಲೇಡಿನಿಂದ ಕೆರೆದರೆ ಮುಗಿಯಿತು.

ಒಳ್ಳೆಯ ಪಿಪಿಎಫ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಬಣ್ಣ ಗಡುಸು, ಏಟಿಗೆ ಚಕ್ಕೆ ಏಳುತ್ತದೆ. ಫಿಲ್ಮ್ ರಬ್ಬರಿನಂತೆ ಹಿಗ್ಗಿ ಏಟನ್ನು ಸುತ್ತ ಹರಡುತ್ತದೆ. ಬಿಸಿಲಿಗೆ ಗೀರು ತಾನೇ ಮಾಯವಾಗುತ್ತದೆ ಎಂಬ ಫಾರ್ವರ್ಡ್ ಅರ್ಧ ಸತ್ಯ. ಮೇಲ್ಪದರದ ಕೂದಲೆಳೆ ಗೀರು ಕೂಡಿಕೊಳ್ಳಬಹುದು, ಫಿಲ್ಮ್ ಸೀಳಿದ ಗಾಯ ಕೂಡುವುದಿಲ್ಲ. ದೊಡ್ಡ ಕಲ್ಲು ಬಿದ್ದರೆ ತಗ್ಗು ಬಿದ್ದೇ ಬೀಳುತ್ತದೆ.

ಅಂಗಡಿಯವರು ಪಿವಿಸಿ ಹಾಳೆಯನ್ನೇ ಪಿಪಿಎಫ್ ಎಂದು ಅಗ್ಗಕ್ಕೆ ಕೊಡುವುದುಂಟು. ಅದು ಬೇಗ ಹಳದಿಯಾಗಿ ಬಿರುಸಾಗುತ್ತದೆ. ಟಿಪಿಯು ಹೌದೋ ಅಲ್ಲವೋ ಎಂದು ಕೇಳಿ, ವಾರಂಟಿಯನ್ನು ಬರೆಸಿಕೊಳ್ಳಿ. ಇಡೀ ಕಾರಿಗೆ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಂಪರ್ ಹೆಚ್ಚಾಗಿ ಪ್ಲಾಸ್ಟಿಕ್, ಬಣ್ಣ ಹೋದರೆ ಅಂದ ಕೆಡುತ್ತದೆ ಅಷ್ಟೆ. ಉಕ್ಕಿನ ಬಾನೆಟ್ಟಿನ ಮುಂಚೂಣಿ ಅಂಚಿಗೆ ಮಾತ್ರ ತುಕ್ಕು ಹಿಡಿಯುತ್ತದೆ, ದುಡ್ಡು ಅಲ್ಲಿ ಹಾಕಿ. ಅಪಘಾತದ ನಂತರ ಹೊರಗೆ ಬಣ್ಣ ಹೊಡೆಸಿದ ಭಾಗವಾದರೆ ಮೊದಲೇ ತಿಳಿಸಿ. ಆ ಬಣ್ಣ ಕೆಳಗೆ ಗಟ್ಟಿಯಾಗಿ ಕೂರದಿದ್ದರೆ, ಮುಂದೆ ಫಿಲ್ಮ್ ತೆಗೆಯುವಾಗ 1923ರ ಗ್ಯಾರೇಜಿನ ಪ್ರಸಂಗವೇ ಮರುಕಳಿಸುತ್ತದೆ.

ಡ್ರೂ 1943ರಿಂದ ಕಂಪನಿಯಲ್ಲಿ ತನ್ನದೇ ಪ್ರಯೋಗಾಲಯ ನಡೆಸಿ, ತನ್ನಂತೆ ಹೇಳಿದ ಮಾತು ಕೇಳದ ಹುಡುಗರನ್ನು ಹುಡುಕಿ ಬೆಳೆಸಿದ. 1980ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಅವನ ಹೆಸರು ಸೇರಿತು. ಅಂದಹಾಗೆ, ಪೂಜೆಯ ದಿನ ಹಾರಕ್ಕೆ ಅಂಟಿಸಿದ ಸೆಲ್ಲೋಟೇಪ್ ಇನ್ನೂ ಬಾನೆಟ್ ಮೇಲಿದ್ದರೆ ಇವತ್ತೇ, ಬಿಸಿಲು ಏರುವ ಮೊದಲು, ನಿಧಾನವಾಗಿ ಬಿಡಿಸಿ.