ಕಳ್ಳರಿಗೂ ಕಸ್ಟಮ್ಸ್‌ಗೂ ಒಂದೇ ಗಲ್ಲಿಯ ಬೋಟು

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಓಡಾಡಿ ಬೆಳೆದವನು ನಾನು. ಇಲ್ಲಿ ಯಾವ ಗಾಡಿಯ ಎಂಜಿನ್ ಬೇಕಾದ್ರೂ ಸಿಗುತ್ತೆ, ಸಮುದ್ರ ಮಾತ್ರ ಸಿಗಲ್ಲ. ದೋಣಿ ನೋಡಬೇಕಂದ್ರೆ ಹಲಸೂರು ಕೆರೆಗೇ ಹೋಗಬೇಕು. ಆದರೂ ಯಾವುದೇ ಸರ್ಕಾರ ಡ್ರಗ್ಸ್ ವಿರುದ್ಧ ಸಮರ ಅಂದಾಗ ನನಗೆ ನೆನಪಾಗೋದು ಮಯಾಮಿಯ ಡಾನ್ ಅರನೋವ್.

1927ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈತ ನ್ಯೂಜೆರ್ಸಿಯಲ್ಲಿ ಕಟ್ಟಡ ಕಟ್ಟಿಸಿ ದುಡ್ಡು ಮಾಡಿದ. ಮೂವತ್ತು ದಾಟುತ್ತಿದ್ದಂತೆ ಸಾಕು ಅಂತ ಮಯಾಮಿಗೆ ಬಂದವನಿಗೆ 1962ರಲ್ಲಿ ಪವರ್‌ಬೋಟ್ ರೇಸಿನ ಹುಚ್ಚು ಹಿಡಿಯಿತು. ಇದು ಕೆರೆಯಲ್ಲಿ ಸುತ್ತು ಹೊಡೆಯುವ ಆಟವಲ್ಲ. ತೆರೆದ ಕಡಲಲ್ಲಿ ನೂರಾರು ಕಿಲೋಮೀಟರ್, ಅಲೆಯಿಂದ ಅಲೆಗೆ ಹಾರುವ ಬೋಟು. ಆಗೆಲ್ಲ ಚಾಲಕ ನಿಂತೇ ಓಡಿಸಬೇಕಿತ್ತು, ಪ್ರತಿ ಹೊಡೆತವೂ ಮೊಣಕಾಲಿಗೆ. ಅಲೆ ಸೀಳುವ ವಿ ಆಕಾರದ ತಳ ರೇ ಹಂಟ್ ಎಂಬ ವಿನ್ಯಾಸಕಾರನ ಕೊಡುಗೆ. ಅದನ್ನು ಗೆಲ್ಲುವ ಸರಕು ಮಾಡಿದ್ದು ಅರನೋವ್. 1967 ಮತ್ತು 1969ರಲ್ಲಿ ವಿಶ್ವ ಚಾಂಪಿಯನ್ ಆದ.

ಗೆದ್ದ ಬೋಟಿಗಿಂತ ದೊಡ್ಡ ಜಾಹೀರಾತು ಬೇಕೇ? ಕಂಪನಿ ಕಟ್ಟು, ರೇಸಲ್ಲಿ ಹೆಸರು ಮಾಡು, ಮಾರು, ಪಕ್ಕದಲ್ಲೇ ಇನ್ನೊಂದು ಶುರು ಮಾಡು. ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ಸಿಗರೇಟ್, ಎಲ್ಲ ಹುಟ್ಟಿದ್ದು ಹೀಗೇ. ಸಿಗರೇಟ್ ಎಂಬ ಹೆಸರೂ ಪಾನನಿಷೇಧದ ಕಾಲದ ಕಳ್ಳಸಾರಾಯಿ ದೋಣಿಯೊಂದರದ್ದು. ಹೆಸರಿಗೆ ತಕ್ಕ ಗಿರಾಕಿಗಳೂ ಬಂದರು. ಕೆರಿಬಿಯನ್‌ನಿಂದ ಗಾಂಜಾ, ಕೊಕೇನ್ ತರುವವರಿಗೆ ಕಾವಲು ದೋಣಿಗೆ ಸಿಗದ ವೇಗ ಬೇಕಿತ್ತು.

ಎಂಬತ್ತರ ದಶಕದಲ್ಲಿ ಕಸ್ಟಮ್ಸ್ ಇಲಾಖೆಯೂ ಅರನೋವ್ ಬಾಗಿಲಿಗೇ ಬಂತು. ಕಳ್ಳರನ್ನು ಅಟ್ಟಿಸಿಕೊಂಡು ಹೋಗಲು ಬ್ಲೂ ಥಂಡರ್ ಬೋಟುಗಳನ್ನು ಕಟ್ಟಿಕೊಟ್ಟದ್ದು ಆತನ ಯುಎಸ್‌ಎ ರೇಸಿಂಗ್ ಟೀಮ್. ದಕ್ಷಿಣ ಫ್ಲಾರಿಡಾದ ಡ್ರಗ್ಸ್ ಕಾರ್ಯಪಡೆಯ ಹೊಣೆ ಹೊತ್ತಿದ್ದ ಉಪಾಧ್ಯಕ್ಷ ಜಾರ್ಜ್ ಬುಷ್ ಈತನ ಗೆಳೆಯ, ಸಿಗರೇಟ್ ಬೋಟಿನ ಮಾಲೀಕ ಕೂಡ. ಎರಡೂ ಕಡೆಗೆ ಮಾರುವುದು ವ್ಯಾಪಾರಿಯ ಜಾಣತನ ಅನ್ನಿ. ಸಮರ ಸಾರಿದ ಸರ್ಕಾರಕ್ಕೆ ಆ ನೆಪ ಇದೆಯಾ?

ಮುಂದೆ ಅರನೋವ್ ಆ ಕಂಪನಿಯನ್ನು ಮಾರಿದ್ದು ಬೆನ್ ಕ್ರೇಮರ್‌ಗೆ. ಕ್ರೇಮರ್ ರೇಸರ್, ಜೊತೆಗೆ ಭಾರೀ ಗಾಂಜಾ ಸಾಗಣೆದಾರ. ಇದಕ್ಕೆ ಕಸ್ಟಮ್ಸ್ ಒಪ್ಪಲಿಲ್ಲ. ಕಂಪನಿ ಅರನೋವ್ ಕೈಗೇ ವಾಪಸ್ ಬಂತು, ಜೊತೆಗೆ ದ್ವೇಷವೂ.

1987ರ ಫೆಬ್ರವರಿ 3. ತಾನೇ ಬೆಳೆಸಿದ ಬೋಟ್ ಕಾರ್ಖಾನೆಗಳ ಬೀದಿಯಲ್ಲಿ, ತನ್ನ ಮರ್ಸಿಡಿಸ್‌ನಲ್ಲಿ ಕೂತಿದ್ದ ಅರನೋವ್‌ಗೆ ಇನ್ನೊಂದು ಕಾರಿನಿಂದ ಗುಂಡು ಹಾರಿಸಿ ಕೊಂದರು. ಆರೋಪವನ್ನು ಪ್ರಶ್ನಿಸುವುದಿಲ್ಲ ಅಂತ ಕ್ರೇಮರ್ ಕೋರ್ಟಿನಲ್ಲಿ ಹೇಳಿದ್ದು 1996ರಲ್ಲಿ. ಅಷ್ಟರೊಳಗೆ ಬುಷ್ ಅಧ್ಯಕ್ಷರಾಗಿ ಮಾಜಿಯೂ ಆಗಿದ್ದರು. ಅಧಿಕಾರದಲ್ಲಿದ್ದಾಗ ರಜೆಗೆ ಮೇನ್ ಕರಾವಳಿಗೆ ಹೋದರೆ ಅವರು ಓಡಿಸುತ್ತಿದ್ದುದು ಫಿಡೆಲಿಟಿ ಎಂಬ ಸಿಗರೇಟ್ ಬೋಟನ್ನು.