ಸರ್ ವಿಲಿಯಂ ರ್ಯಾಮ್ಸೆ

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಎಂಬ ವಿಜ್ಞಾನಮಂದಿರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಬಲ್ಲರು. ಅದನ್ನು ಬೆಂಗಳೂರಿನಲ್ಲಿಯೇ ಸ್ಥಾಪಿಸುವುದು ಯುಕ್ತವೆಂದು ಸಲಹೆಯಿತ್ತ ಮಹನೀಯರೊಬ್ಬರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ವಿಲಿಯಂ ರ್ಯಾಮ್ಸೆಯವರು 1852ನೆಯ ಇಸವಿ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಜನಿಸಿದರು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವ್ಯಾಸಂಗ ಮಾಡಿ, ಮೊದಲು ಬ್ರಿಸ್ಟಲ್‌ನಲ್ಲಿಯೂ 1887ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಗಾಜನ್ನು ಊದಿ ಉಪಕರಣಗಳನ್ನು ತಾವೇ ಮಾಡಿಕೊಳ್ಳುವುದರಲ್ಲಿ ಅವರು ನಿಪುಣರು. ಅನಿಲಗಳನ್ನು ಪರೀಕ್ಷಿಸುವವರಿಗೆ ಈ ಕೈಕೆಲಸವು ಅಲ್ಪವಾದುದಲ್ಲ; ಗಾಜಿನ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿಯು ಒಳಹೊಕ್ಕು ಬಹುದಿನದ ಶ್ರಮವನ್ನು ಕೆಡಿಸುವುದು.

ಗಾಳಿಯಿಂದ ತೆಗೆದ ನೈಟ್ರೋಜನ್ನು, ಬೇರೆ ವಸ್ತುಗಳಿಂದ ಪಡೆದ ನೈಟ್ರೋಜನ್ನಿಗಿಂತ ನೂರಕ್ಕೆ ಸುಮಾರು ಅರ್ಧ ಪಾಲು ಹೆಚ್ಚು ಭಾರವಾಗಿರುವುದನ್ನು ಲಾರ್ಡ್ ರೇಲಿಯವರು ಕಂಡಿದ್ದರು. ಇಷ್ಟು ಸಣ್ಣ ವ್ಯತ್ಯಾಸವನ್ನು ತೂಕದ ತಪ್ಪೆಂದು ತಳ್ಳಿಬಿಡದೆ ಇಬ್ಬರೂ ಶೋಧಿಸಲು, 1894ರಲ್ಲಿ ಆರ್ಗಾನ್ ಎಂಬ ಹೊಸ ಅನಿಲವು ದೊರೆಯಿತು. ಮರುವರ್ಷ ರ್ಯಾಮ್ಸೆಯವರು ಆರ್ಗಾನನ್ನೇ ಅರಸುತ್ತ ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕಾಯಿಸಿದರು. ಹೊರಟ ಅನಿಲದ ವರ್ಣಪಟಲದಲ್ಲಿ ಒಂದು ಹಳದಿ ರೇಖೆಯು ತೋರಿತು. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಕಂಡಿದ್ದ ರೇಖೆಯೇ ಅದು! ಅದಕ್ಕೆ ಕಾರಣವಾದ ವಸ್ತುವಿಗೆ ಲಾಕಿಯರ್ ಎಂಬವರು ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಕರೆದಿದ್ದರು. ಸೂರ್ಯನಲ್ಲಿದ್ದುದು ಭೂಮಿಯಲ್ಲಿಯೂ ಸಿಕ್ಕಿತು.

1898ರಲ್ಲಿ ರ್ಯಾಮ್ಸೆಯವರು ಮಾರಿಸ್ ಟ್ರಾವರ್ಸ್ ಅವರೊಡಗೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಕಂಡುಹಿಡಿದರು. ಈ ಟ್ರಾವರ್ಸ್ ಅವರೇ ಮುಂದೆ ಬೆಂಗಳೂರಿನ ಸಂಸ್ಥೆಯ ಮೊದಲನೆಯ ನಿರ್ದೇಶಕರಾದರು. 1904ರಲ್ಲಿ ರ್ಯಾಮ್ಸೆಯವರಿಗೆ ನೊಬೆಲ್ ಪಾರಿತೋಷಕವು ಸಂದಿತು. 1916ನೆಯ ಜುಲೈ 23ರಂದು ಅವರು ದೈವಾಧೀನರಾದರು.

ಹೀಲಿಯಂ ಉರಿಯದು, ಇತರ ವಸ್ತುಗಳೊಡನೆ ಸುಲಭವಾಗಿ ಕೂಡದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 5 ಪಾಲು ಮಾತ್ರ. ಅದರ ಪರಮಾಣುವು ಅತಿ ಸಣ್ಣದು. ನಿಷ್ಪ್ರಯೋಜಕವೆಂದು ತೋರುವ ಈ ಗುಣಗಳೇ ಅದನ್ನು ದೊಡ್ಡ ಕೆಲಸಕ್ಕೆ ಯೋಗ್ಯವಾಗಿ ಮಾಡಿದವು. 1940ರ ದಶಕದಲ್ಲಿ ಅಮೆರಿಕದವರು ಯುರೇನಿಯಂ ಕಾರ್ಖಾನೆಗಳ ಕೊಳವೆಗಳಲ್ಲಿದ್ದ ಸೂಕ್ಷ್ಮ ರಂಧ್ರಗಳನ್ನು ಇದರಿಂದಲೇ ಪತ್ತೆಮಾಡಿದರು. ಪಾತ್ರೆಯೊಳಗಿನ ಗಾಳಿಯನ್ನು ಹೊರದೆಗೆದು, ಹೊರಗಿನಿಂದ ಸಂದುಗಳ ಮೇಲೆ ಹೀಲಿಯಮನ್ನು ಬಿಡುವರು. ರಂಧ್ರವಿದ್ದಲ್ಲಿ ಅದು ಒಳನುಸುಳಲು, ಪಾತ್ರೆಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಅದನ್ನು ಗುರುತಿಸುವುದು. ಇಂದು ಮನೆಯ ರೆಫ್ರಿಜರೇಟರಿನ ಕೊಳವೆಯಿಂದ ಆಕಾಶಕ್ಕೇರುವ ರಾಕೆಟ್ಟಿನವರೆಗೆ ಈ ಪರೀಕ್ಷೆಯು ನಡೆಯುತ್ತದೆ. ಸಂದಿನ ಬಿರುಕಿಗೆ ಅಂಜಿ ದುಡಿದವರು ಕಂಡುಹಿಡಿದ ಅನಿಲವೇ ಈಗ ಬಿರುಕುಗಳನ್ನು ತೋರಿಸಿಕೊಡುತ್ತಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಲೆಕ್ಕದಲ್ಲಿ ಅರ್ಧ ಪಾಲು ಹೊಂದದಿದ್ದರೆ ಅದನ್ನು ಅಳಿಸಿಹಾಕಬೇಡಿರಿ, ನಿಂತು ವಿಚಾರಿಸಿರಿ. ಅಲ್ಪದಲ್ಲಿ ನಂಬಿಗಸ್ತರಾದವರಿಗೆ ದೇವರು ತನ್ನ ಸೃಷ್ಟಿಯ ಗೂಢಗಳನ್ನು ತೆರೆದು ತೋರಿಸುವನೆಂಬುದಕ್ಕೆ ಈ ಜೀವನವು ಸಾಕ್ಷಿಯಾಗಿದೆಯೆಂದು ನಾವು ನಂಬುತ್ತೇವೆ.